ತೊಟ್ಟಿಲ ಬಳಿ ತಂದೆಗೂ ಜಾಗವಿದೆ



ಬಾಳೆ ಕಂದು ನೆಟ್ಟ ರೈತ ಮೊದಲ ಮೂರು ತಿಂಗಳು ತೋಟ ಬಿಟ್ಟು ಕದಲುವುದಿಲ್ಲ. ನೀರು ನಿಂತಿತೇ, ಕಳೆ ಎದ್ದಿತೇ, ಸುಳಿ ಬಾಡಿತೇ ಎಂದು ದಿನವೂ ನೋಡುತ್ತಾನೆ. ಎಳೆಯದರಲ್ಲಿ ಕೈಬಿಟ್ಟ ಗಿಡಕ್ಕೆ ಮುಂದೆ ಎಷ್ಟು ಗೊಬ್ಬರ ಸುರಿದರೂ ಗೊನೆ ತುಂಬುವುದಿಲ್ಲ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ರೈತನ ಮನೆಯಲ್ಲಿ ಚೊಚ್ಚಲ ಮಗು ಹುಟ್ಟಿದಾಗ ಅವನು ಎಲ್ಲಿರುತ್ತಾನೆ? ಹೆಚ್ಚಿನ ಮನೆಗಳಲ್ಲಿ ಬಾಗಿಲ ಹೊರಗೆ.

ಇದು ಅವನೊಬ್ಬನ ತಪ್ಪಲ್ಲ. ಮೊದಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮ ಪದ್ಧತಿ. ಬಾಣಂತಿಗೆ ವಿಶ್ರಾಂತಿ ಸಿಗುವುದರಿಂದ ಇದು ಒಳ್ಳೆಯ ಪದ್ಧತಿಯೇ. ಆದರೆ ಗಂಡ ಮಾತ್ರ ಅಲ್ಲಿ ನೆಂಟ. ವಾರಕ್ಕೊಮ್ಮೆ ಹಣ್ಣು, ಹಾರ್ಲಿಕ್ಸ್ ಹಿಡಿದು ಹೋಗುತ್ತಾನೆ, ಅತ್ತೆಯ ಕೈಯಲ್ಲಿ ಕಾಫಿ ಕುಡಿದು ಸಂಜೆ ಬಸ್ಸಿಗೆ ಹಿಂತಿರುಗುತ್ತಾನೆ. ಮೂರೋ ಐದೋ ತಿಂಗಳು ಕಳೆದು ತಾಯಿ ಮಗು ಮನೆಗೆ ಬಂದಾಗ ಮಗು ಅವನನ್ನು ಕಂಡು ಅಳುತ್ತದೆ. "ನಿನಗೆ ಬರುವುದಿಲ್ಲ, ಇತ್ತ ಕೊಡು" ಎಂದು ಮನೆಯ ಹೆಂಗಸರು ಮಗುವನ್ನು ತೆಗೆದುಕೊಳ್ಳುತ್ತಾರೆ. ಒಂದೆರಡು ಸಲ ಹೀಗಾದರೆ ಅವನು ಕೈಚಾಚುವುದನ್ನೇ ಬಿಡುತ್ತಾನೆ. ಸಂಜೆಯ ಆ ಖಾಲಿ ಹೊತ್ತಿಗೆ ಗೆಳೆಯರ ಗುಂಪು ಸಿಗುತ್ತದೆ, ಮದ್ಯದಂಗಡಿ ಸಿಗುತ್ತದೆ, ಮೊಬೈಲ್ ಸಿಗುತ್ತದೆ.

ಅವನಿಗೆ ಪಾಠ ಹೇಳುವವರು ಯಾರು?

ತಂದೆತನವನ್ನು ನಮ್ಮ ಹುಡುಗರು ಬಹುಮಟ್ಟಿಗೆ ಕಲಿಯುವುದು ಸಿನಿಮಾದಿಂದ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕಾರಮಡೈ ಸೀಮೆಯ ನಮಗೆ ಎರಡೂ ಭಾಷೆಯ ಚಿತ್ರಗಳು ಗೊತ್ತು. ಅವುಗಳಲ್ಲಿ ಹೆರಿಗೆಯ ದೃಶ್ಯ ಹೇಗಿರುತ್ತದೆ ಎಂದು ನೆನಪಿಸಿಕೊಳ್ಳಿ. ಗಂಡ ಆಸ್ಪತ್ರೆಯ ವರಾಂಡದಲ್ಲಿ ಅತ್ತಿಂದಿತ್ತ ನಡೆಯುತ್ತಾನೆ. ಒಳಗಿನಿಂದ ಮಗುವಿನ ಅಳು ಕೇಳುತ್ತದೆ. ನರ್ಸ್ ಬಂದು ಗಂಡೋ ಹೆಣ್ಣೋ ಹೇಳುತ್ತಾಳೆ, ಸಿಹಿ ಹಂಚುತ್ತಾರೆ. ಮುಂದಿನ ಹಾಡಿನಲ್ಲಿ ಓಡುವ ಪುಟ್ಟ ಕಾಲುಗಳು ಕಣ್ಣು ಮಿಟುಕಿಸುವುದರೊಳಗೆ ನಾಯಕನ ದೊಡ್ಡ ಕಾಲುಗಳಾಗಿಬಿಡುತ್ತವೆ. ರಾತ್ರಿ ಎರಡು ಗಂಟೆಗೆ ಎದ್ದು ಮಗುವಿನ ಬಟ್ಟೆ ಬದಲಿಸಿದ ತಂದೆ, ಜ್ವರ ಬಂದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ತೂಗಿದ ತಂದೆ, ಬಾಣಂತಿ ಸುಮ್ಮನೆ ಅಳುತ್ತಿದ್ದಾಗ ಪಕ್ಕದಲ್ಲಿ ಕುಳಿತ ತಂದೆ, ಇವರೆಲ್ಲ ಆ ಹಾಡಿನಲ್ಲಿ ಕತ್ತರಿಸಿಹೋದವರು. ಹುಡುಗ ನೋಡದೇ ಇದ್ದದ್ದು ಆ ಭಾಗವನ್ನೇ.

ಹಾಗೆಂದು ಸಿನಿಮಾ ನೋಡಬೇಡಿ ಎಂದು ನಾನು ಹೇಳುತ್ತಿಲ್ಲ. ಧರ್ಮಸಭೆಯೂ ಹಾಗೆ ಹೇಳುವುದಿಲ್ಲ. ವ್ಯಾಟಿಕನ್ ರೇಡಿಯೋ 1931ರಲ್ಲೇ ಆರಂಭವಾಯಿತು. ಅದನ್ನು ಕಟ್ಟಿಕೊಟ್ಟವರು ರೇಡಿಯೋದ ಮಾರ್ಕೋನಿಯವರೇ. 1936ರಲ್ಲಿ ಹನ್ನೊಂದನೇ ಪಯಸ್ ಜಗದ್ಗುರುಗಳು ಚಲನಚಿತ್ರದ ಬಗ್ಗೆಯೇ ಒಂದು ವಿಶ್ವಪತ್ರ ಬರೆದರು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಸಂಪರ್ಕ ಮಾಧ್ಯಮಗಳ ಕುರಿತ ಆಜ್ಞಾಪತ್ರವನ್ನು ಹೊರಡಿಸಿತು. ಸಿನಿಮಾಕ್ಕೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ 45 ಒಳ್ಳೆಯ ಚಿತ್ರಗಳ ಪಟ್ಟಿಯನ್ನೇ ಪ್ರಕಟಿಸಿತು. ಧರ್ಮದ ಚಿತ್ರಗಳಿಗಷ್ಟೇ ಅದು ನಿಲ್ಲಲಿಲ್ಲ. ಮಾನವ ಮೌಲ್ಯಗಳಿಗೆಂದು ಒಂದು ವಿಭಾಗ, ಕಲೆಗೆಂದು ಒಂದು ವಿಭಾಗ ಮಾಡಿತು. ನಮ್ಮ ಗಾಂಧೀಜಿಯವರ ಜೀವನದ ಚಿತ್ರಕ್ಕೂ ಅದರಲ್ಲಿ ಸ್ಥಾನವಿದೆ. ನಮ್ಮ ಜನ ಹೇಗೂ ನೋಡುವ ಚಿತ್ರಗಳಲ್ಲಿ ಮಣ್ಣು ಯಾವುದು, ಕಾಳು ಯಾವುದು ಎಂದು ಕೇರಿಕೊಳ್ಳಲು ಕಲಿಸುವುದು ನಮ್ಮ ಕೆಲಸ.

ಮೂರು ಚಿತ್ರಗಳು

ಮೊದಲನೆಯದು 1972ರ 'ಬಂಗಾರದ ಮನುಷ್ಯ'. ಟಿ. ಕೆ. ರಾಮರಾಯರ ಕಾದಂಬರಿಯನ್ನು ಸಿದ್ಧಲಿಂಗಯ್ಯನವರು ಚಿತ್ರವಾಗಿಸಿದರು. ಡಾ. ರಾಜ್‌ಕುಮಾರ್ ಅದರ ನಾಯಕ. ಅವರು ಹುಟ್ಟಿದ್ದು ತಾಳವಾಡಿ ಬಳಿಯ ಗಾಜನೂರಿನಲ್ಲಿ. 1979ರಲ್ಲಿ ಜಿಲ್ಲೆ ಒಡೆಯುವವರೆಗೆ ಆ ಊರು ನಮ್ಮ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಗಂಡನನ್ನು ಕಳೆದುಕೊಂಡ ಅಕ್ಕನ ಮಕ್ಕಳಿಗಾಗಿ ನಾಯಕ ಹಳ್ಳಿಯಲ್ಲೇ ನಿಂತು ಬರಡು ನೆಲವನ್ನು ಹಸನು ಮಾಡುತ್ತಾನೆ. ಆ ಮಕ್ಕಳು ಅವನ ರಕ್ತದ ಮಕ್ಕಳಲ್ಲ. ಆದರೂ ಅವರಿಗೆ ತಂದೆಯಾದವನು ಅವನೇ. ಸಂತ ಜೋಸೆಫರನ್ನು ಸಾಕುತಂದೆ ಎಂದು ನಾವು ಕರೆಯುವುದರ ಅರ್ಥ ಮಕ್ಕಳಿಗೆ ತಿಳಿಯಬೇಕಾದರೆ ಈ ಕಥೆ ಹೇಳಿದರೆ ಸಾಕು. ಕೊನೆಯಲ್ಲಿ ತಾನೇ ಬೆಳೆಸಿದ ಸೋದರಳಿಯನ ಚುಚ್ಚುಮಾತಿಗೆ ನೊಂದು ಅವನು ಮೌನವಾಗಿ ಮನೆ ಬಿಟ್ಟು ಹೋಗುತ್ತಾನೆ. ಇಲ್ಲಿ ನಿಂತು ಯೋಚಿಸಬೇಕು. ಜೋಸೆಫರೂ ಮೌನಿ. ಶುಭಸಂದೇಶದಲ್ಲಿ ಅವರ ಬಾಯಿಂದ ಬಂದ ಒಂದು ಮಾತೂ ದಾಖಲಾಗಿಲ್ಲ. ಆದರೆ ಅವರು ಮನೆ ಬಿಟ್ಟು ಹೋಗಲಿಲ್ಲ. ನೋವಾದಾಗ ಎದ್ದು ಹೋಗುವುದು ತ್ಯಾಗವೇ, ಇಲ್ಲ ಇದ್ದು ಮಾತಾಡುವುದು ತ್ಯಾಗವೇ? ಯುವ ಗಂಡಂದಿರ ನಡುವೆ ಈ ಪ್ರಶ್ನೆ ಇಟ್ಟು ನೋಡಿ.

ಎರಡನೆಯದು ವ್ಯಾಟಿಕನ್ ಪಟ್ಟಿಯಲ್ಲಿರುವ ಇಟಲಿಯ ಚಿತ್ರ, ಎರ್ಮಾನ್ನೋ ಒಲ್ಮಿಯವರ 1978ರ 'ಮರದ ಪಾದರಕ್ಷೆಯ ಮರ'. ಹತ್ತೊಂಬತ್ತನೇ ಶತಮಾನದ ಕೊನೆಯ ಬಡ ಗೇಣಿ ರೈತರ ಕಥೆ. ಗುರುಗಳ ಮಾತು ಕೇಳಿ ಒಬ್ಬ ರೈತ ಮಗನನ್ನು ದೂರದ ಶಾಲೆಗೆ ಕಳಿಸುತ್ತಾನೆ. ಮಗನ ಮರದ ಪಾದರಕ್ಷೆ ಮುರಿಯುತ್ತದೆ. ಕೊಳ್ಳಲು ಕಾಸಿಲ್ಲ. ತಂದೆ ಗುಟ್ಟಾಗಿ ಜಮೀನ್ದಾರನ ಒಂದು ಮರ ಕಡಿದು ತಾನೇ ಕೆತ್ತಿಕೊಡುತ್ತಾನೆ. ವಿಷಯ ತಿಳಿದ ಜಮೀನ್ದಾರ ಇಡೀ ಕುಟುಂಬವನ್ನು ಹೊರಹಾಕುತ್ತಾನೆ. ಗೇಣಿ ನೆಲದಲ್ಲಿ ದುಡಿದವರಿಗೆ ಈ ಚಿತ್ರ ನೋಡಲು ಭಾಷೆ ಬೇಕಿಲ್ಲ. ಬಡತನದಲ್ಲಿ ತಂದೆ ಕೊಡಬಹುದಾದ್ದು ಏನು, ಕಳ್ಳತನ ಯಾವುದು, ಅನ್ಯಾಯ ಯಾವುದು ಎಂಬ ಚರ್ಚೆಗೆ ಒಂದು ಸಂಜೆ ಸಾಲದು.

ಮೂರನೆಯದು 2008ರ ತಮಿಳು 'ಅಭಿಯುಂ ನಾನುಂ'. ಪ್ರಕಾಶ್ ರೈ ಅದನ್ನೇ 2010ರಲ್ಲಿ ಕನ್ನಡದಲ್ಲಿ 'ನಾನು ನನ್ನ ಕನಸು' ಎಂದು ಮಾಡಿದರು. ಮಗಳ ಮೇಲೆ ಪ್ರಾಣವಿಟ್ಟ ತಂದೆಯೊಬ್ಬ, ಅವಳು ಬೆಳೆದು ತನ್ನ ದಾರಿ ಹಿಡಿದಾಗ ಬಿಟ್ಟುಕೊಡಲು ಕಲಿಯುವ ಕಥೆ. ಹೆಣ್ಣು ಹುಟ್ಟಿತೆಂದು ಮುಖ ಸಣ್ಣದು ಮಾಡುವ ಮನೆಗಳಲ್ಲಿ ಇದನ್ನು ಮೊದಲು ತೋರಿಸಬೇಕು.

ನೋಡಿದ ಮೇಲೆ ಟಿ.ವಿ. ಆರಿಸಿ ಎದ್ದುಹೋಗಬೇಡಿ. ಮೂರು ಪ್ರಶ್ನೆ ಕೇಳಿ. ಈ ತಂದೆ ಮಾಡಿದ್ದರಲ್ಲಿ ನಾನು ಮಾಡಬಹುದಾದ್ದು ಯಾವುದು? ಇವನು ಮಾಡಿದ್ದರಲ್ಲಿ ಸರಿಯಲ್ಲದ್ದು ಯಾವುದು? ಕಥೆಯಲ್ಲಿ ತೋರಿಸದೇ ಬಿಟ್ಟ ಕೆಲಸ ಯಾವುದು, ಅದನ್ನು ಮನೆಯಲ್ಲಿ ಯಾರು ಮಾಡುತ್ತಿದ್ದಾರೆ? ಮೂರನೇ ಪ್ರಶ್ನೆಗೆ ಗಂಡಸರು ಉತ್ತರ ಕೊಡಲಿ, ಹೆಂಗಸರು ಕೇಳಲಿ.

ಹೊಸ ತಂದೆ ಮಾಡಬೇಕಾದ್ದು

1. ಹೆಂಡತಿ ಗರ್ಭಿಣಿ ಎಂದು ತಿಳಿದೊಡನೆ, 12 ವಾರದೊಳಗೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ. ನೀವೇ ಜೊತೆಯಲ್ಲಿ ಹೋಗಿ. ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆರಿಗೆ ಸಹಾಯ ಯೋಜನೆಯ ಮೊತ್ತ 2018ರಲ್ಲಿ 18,000 ರೂಪಾಯಿಗೆ ಏರಿತು. ಅದು ಕಂತುಗಳಲ್ಲಿ ಬರುತ್ತದೆ. ಈಗಿನ ನಿಯಮಗಳನ್ನು ಗ್ರಾಮ ಆರೋಗ್ಯ ದಾದಿಯರು ತಿಳಿಸುತ್ತಾರೆ. ಹೆರಿಗೆ ನೋವು ಬಂದರೆ 108ಕ್ಕೆ ಕರೆ ಮಾಡಿ.

2. ಹುಟ್ಟಿದ ಒಂದು ಗಂಟೆಯೊಳಗೆ ಮಗು ತಾಯಿಯ ಎದೆಹಾಲು ಕುಡಿಯಬೇಕು. ಮೊದಲ ಹಳದಿ ಹಾಲನ್ನು ಚೆಲ್ಲಬಾರದು. ಆರು ತಿಂಗಳು ಎದೆಹಾಲು ಮಾತ್ರ. ಸೇನೆ ಇಡುವುದೆಂದು ಸಕ್ಕರೆ ನೀರು, ಜೇನು ನೆಕ್ಕಿಸುವ ರೂಢಿ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನು ಅಪಾಯಕಾರಿ. ಹಿರಿಯರು ಒತ್ತಾಯಿಸಿದಾಗ ವಿನಯದಿಂದ ಬೇಡವೆನ್ನುವ ಭಾರ ತಂದೆಯದು. ಸೊಸೆ ಹೇಳಿದರೆ ಜಗಳವಾಗುತ್ತದೆ, ಮಗ ಹೇಳಿದರೆ ಕೇಳುತ್ತಾರೆ.

3. ಮಗು ತೂಕ ಕಡಿಮೆಯಿದ್ದು ಹುಟ್ಟಿದರೆ ಕಾಂಗರೂ ಆರೈಕೆ ಎಂಬ ವಿಧಾನವಿದೆ. ಮಗುವನ್ನು ಬರಿ ಎದೆಗೆ ಅಪ್ಪಿ, ಮೇಲೆ ಬಟ್ಟೆ ಹೊದಿಸಿ ಬೆಚ್ಚಗಿಡುವುದು. 1970ರ ದಶಕದ ಕೊನೆಗೆ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ವೈದ್ಯರು ಇದನ್ನು ಆರಂಭಿಸಿದರು. ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು ಶಿಫಾರಸು ಮಾಡುತ್ತದೆ. ತಾಯಿಗೆ ಸುಸ್ತಾದಾಗ ತಂದೆಯ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ.

4. ಕರಿಬೇವಿಗೋ ಬಾಳೆಗೋ ಔಷಧಿ ಹೊಡೆದು ಬಂದವರು ಹಾಗೆಯೇ ಮಗುವನ್ನು ಎತ್ತಿಕೊಳ್ಳಬಾರದು. ಬಟ್ಟೆಯ ಮೇಲಿನ ವಿಷ ಎಳೆಯ ಚರ್ಮಕ್ಕೆ ಇಳಿಯುತ್ತದೆ. ಪಂಪ್‌ಸೆಟ್ ಬಳಿಯೇ ಬಟ್ಟೆ ಬಿಚ್ಚಿ, ಸೋಪು ಹಚ್ಚಿ ಸ್ನಾನ ಮಾಡಿ, ಆ ಬಟ್ಟೆಯನ್ನು ಬೇರೆಯೇ ಒಗೆಯಿರಿ. ಖಾಲಿ ಔಷಧಿ ಡಬ್ಬಿಯಲ್ಲಿ ನೀರು, ಹಾಲು ಇಡಬೇಡಿ. ಮನೆಯೊಳಗೆ ಬೀಡಿ ಸಿಗರೇಟು ಸೇದಬೇಡಿ.

5. ಲಸಿಕೆಯ ಕಾರ್ಡು ನಿಮ್ಮ ಜೇಬಿನ ಲೆಕ್ಕದಲ್ಲಿರಲಿ. ಹುಟ್ಟಿದಾಗ, 6, 10, 14ನೇ ವಾರ, ಆಮೇಲೆ 9ನೇ ತಿಂಗಳು. ಮಗು ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ ಇಲ್ಲವೆ ಕಾದರೆ, ಉಸಿರು ವೇಗವಾದರೆ, ಅಂಗೈ ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಬಾಣಂತಿಗೆ ರಕ್ತಸ್ರಾವ ಹೆಚ್ಚಾದರೂ, ಜ್ವರ ಅಥವಾ ತೀವ್ರ ತಲೆನೋವು ಬಂದರೂ ಹಾಗೆಯೇ.

ತಂದೆಯ ಮನಸ್ಸೂ ದಣಿಯುತ್ತದೆ

ಬಾಣಂತಿಗೆ ಮನಸ್ಸು ಕುಗ್ಗುವುದು ನಮಗೆ ಗೊತ್ತು. ಹೊಸ ತಂದೆಯರಲ್ಲೂ ನೂರಕ್ಕೆ ಸುಮಾರು ಹತ್ತು ಮಂದಿಗೆ ಹೀಗಾಗುತ್ತದೆಂದು ಅನೇಕ ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ಗಂಡಸು ಅಳುವುದಿಲ್ಲ. ಸಿಡುಕುತ್ತಾನೆ, ಕುಡಿಯುತ್ತಾನೆ, ಮನೆಗೆ ತಡವಾಗಿ ಬರುತ್ತಾನೆ. ಆಸ್ಪತ್ರೆಯ ಸಾಲ, ನಿದ್ದೆಯಿಲ್ಲದ ರಾತ್ರಿ, ಮಿಲ್ಲಿನ ಶಿಫ್ಟು, ಬತ್ತಿದ ಬೋರ್‌ವೆಲ್ ಎಲ್ಲವೂ ಒಟ್ಟಿಗೆ ಮೇಲೆ ಬೀಳುತ್ತವೆ. ಎರಡು ವಾರಕ್ಕೂ ಹೆಚ್ಚು ಹೀಗಿದ್ದರೆ ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ದೂರವಾಣಿ 14416, 2022ರಿಂದ ಇದೆ. ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡಬಹುದು. ನಾಚಿಕೆ ಬೇಡ. ಪಾಪನಿವೇದನೆಗೆ ಬರುವವನು ವೈದ್ಯರ ಬಳಿಗೂ ಹೋಗಬಹುದು. ಎರಡೂ ದೇವರ ಕೃಪೆಯ ಬಾಗಿಲುಗಳೇ.

ಕೇಂದ್ರ ಸರ್ಕಾರದ ನೌಕರನಿಗೆ ಮಗು ಹುಟ್ಟಿದಾಗ 15 ದಿನ ಪಿತೃತ್ವ ರಜೆ ಇದೆ. ರೈತನಿಗೆ ರಜೆ ಕೊಡುವವರು ಯಾರು? ನಾವೇ ಕೊಡಬೇಕು. ಬೀದಿಯ ಅನ್ಬಿಯಂ ಇರುವುದು ಜಪಸರಕ್ಕೆ ಮಾತ್ರವಲ್ಲ. ಮಗು ಹುಟ್ಟಿದ ಮನೆಯವನ ನೀರಿನ ಸರದಿಯನ್ನು ಎರಡು ವಾರ ಇನ್ನೊಬ್ಬರು ನೋಡಿಕೊಳ್ಳಲಿ. ಬೆಳಗಿನ ಹಾಲನ್ನು ಸೊಸೈಟಿಗೆ ಪಕ್ಕದ ಮನೆಯವರು ಹಾಕಿ ಬರಲಿ. ನಮ್ಮ ಹಿಂದಿನವರು ನಾಟಿಗೂ ಕೊಯ್ಲಿಗೂ ಮುಯ್ಯಾಳು ಕೊಡುತ್ತಿದ್ದರು. ತೊಟ್ಟಿಲಿಗೂ ಮುಯ್ಯಿ ಕೊಡೋಣ. ಅತ್ತೆಯಂದಿರಿಗೆ ನನ್ನ ವಿನಂತಿ: ಅಳಿಯ ಬಂದಾಗ ಕಾಫಿಗೆ ಮೊದಲು ಮಗುವನ್ನು ಅವನ ಕೈಗೆ ಕೊಡಿ. ಕತ್ತು ಹಿಡಿಯುವುದು ಹೇಗೆಂದು ತೋರಿಸಿ. ಒಂದು ರಾತ್ರಿ ಉಳಿಸಿಕೊಳ್ಳಿ.

2020ರ ಡಿಸೆಂಬರ್ 8ರಂದು ಫ್ರಾನ್ಸಿಸ್ ಜಗದ್ಗುರುಗಳು ಸಂತ ಜೋಸೆಫರ ಬಗ್ಗೆ ಪತ್ರ ಬರೆದು, ಒಂದು ವರ್ಷವನ್ನೇ ಅವರಿಗೆ ಅರ್ಪಿಸಿದರು. ಮಗು ಹುಟ್ಟಿದ ಮಾತ್ರಕ್ಕೆ ಯಾರೂ ತಂದೆಯಾಗುವುದಿಲ್ಲ, ಅದರ ಹೊಣೆ ಹೊತ್ತಾಗ ಆಗುತ್ತಾರೆ ಎಂಬುದು ಆ ಪತ್ರದ ತಿರುಳು. ಜೋಸೆಫರು ಮಗುವಿಗೆ ಹೆಸರಿಟ್ಟರು. ರಾತ್ರೋರಾತ್ರಿ ಎದ್ದು ತಾಯಿ ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೊರಟರು. ಮರಗೆಲಸ ಮಾಡಿ ಸಾಕಿದರು. ದೇವಪುತ್ರರಿಗೇ ಒಬ್ಬ ತಂದೆಯ ಕೈ ಬೇಕಾಯಿತು ಎಂದ ಮೇಲೆ ನಮ್ಮ ಮಕ್ಕಳಿಗೆ ಬೇಡವೇ?

ಮಾರ್ಚ್ 19ರ ಸಂತ ಜೋಸೆಫರ ಹಬ್ಬಕ್ಕೆ ಈ ವರ್ಷ ಮಗು ಪಡೆದ ತಂದೆಯರು ಬಲಿಪೂಜೆಗೆ ಬರುವಾಗ ಮಗುವನ್ನು ತಾವೇ ಎತ್ತಿಕೊಂಡು ಬನ್ನಿ. ಅತ್ತರೆ ಅಳಲಿ. ದೇವಾಲಯದಲ್ಲಿ ಮಗು ಅತ್ತರೆ ದೇವರಿಗೆ ಬೇಸರವಿಲ್ಲ. ಪವಿತ್ರ ಕುಟುಂಬದ ಆಶೀರ್ವಾದ ನಿಮ್ಮೆಲ್ಲರ ಮನೆಗಳ ಮೇಲಿರಲಿ.

— ನಿಮ್ಮ ಧರ್ಮಕೇಂದ್ರದ ಗುರುಗಳು