ಗಲ್ಫಿನಿಂದ ಬರುವ ಆಟದ ಪೆಟ್ಟಿಗೆ: ಕೊಳ್ಳುವ ಮುನ್ನ ಒಂದು ಲೆಕ್ಕ

ರಜೆಗೆ ಊರಿಗೆ ಹೊರಡುವ ವಾರ ದುಬೈಯಿಂದಲೋ ಶಾರ್ಜಾದಿಂದಲೋ ಒಂದು ಕರೆ ಬರುವುದು ಕಾಸರಗೋಡಿನ ಎಷ್ಟೋ ಮನೆಗಳಿಗೆ ರೂಢಿ. ಹಿರಿಯರೊಡನೆ ಕುಶಲಪ್ರಶ್ನೆ ಮುಗಿದ ಮೇಲೆ ಫೋನು ಮಕ್ಕಳ ಕೈಗೆ ಹೋಗುತ್ತದೆ. “ನಿನಗೆ ಎಂತ ತರಬೇಕು ಮಗಾ?” ಎಂದು ಮಾವ ಕೇಳುತ್ತಾರೆ. ಒಂದು ಕಾಲದಲ್ಲಿ ಉತ್ತರವು ಚಾಕಲೇಟು, ಪೆನ್ನು, ಹೆಚ್ಚೆಂದರೆ ಕೈಗಡಿಯಾರಕ್ಕೆ ಮುಗಿಯುತ್ತಿತ್ತು. ಈಗ ಕೆಲವು ಮಕ್ಕಳು ತಡವಿಲ್ಲದೆ ಹೇಳುವ ಹೆಸರು ‘ನಿಂಟೆಂಡೊ ಸ್ವಿಚ್ 2’. ಕೈಯಲ್ಲಿ ಹಿಡಿದೂ ಆಡಬಹುದಾದ, ಟಿವಿಗೆ ಜೋಡಿಸಿಯೂ ಆಡಬಹುದಾದ ಗೇಮ್ ಕನ್ಸೋಲ್ ಅದು.

ಮಾವನಿಗೆ ಕೊಡುವ ಮನಸ್ಸಿದೆ, ಮಗುವಿಗೆ ಪಡೆಯುವ ಆಸೆಯಿದೆ. ನಡುವೆ ನಿಂತು ‘ಇದು ಕೊಟ್ಟ ಹಣಕ್ಕೆ ತಕ್ಕುದೇ?’ ಎಂದು ಯೋಚಿಸಬೇಕಾದವರು ಹೆತ್ತವರು. ಕನ್ನಡ ಮಾಧ್ಯಮ ಶಾಲೆಗೆ ಮಕ್ಕಳನ್ನು ಕಳುಹಿಸುವ ಮನೆಗಳಲ್ಲಿ ಈ ಯೋಚನೆಯೊಡನೆ ಇನ್ನೊಂದು ಅಳುಕೂ ಬೆರೆತಿರುತ್ತದೆ. ನೆರೆಮನೆಯ ಇಂಗ್ಲಿಷ್ ಮಾಧ್ಯಮದ ಹುಡುಗನ ಕೈಯಲ್ಲಿರುವುದು ತಮ್ಮ ಮಗುವಿಗೆ ಇಲ್ಲವೆಂದಾದರೆ ಏನೋ ಕಡಿಮೆ ಮಾಡಿದಂತಾಯಿತೇ ಎಂಬ ಅಳುಕು ಅದು. ಅಳುಕಿನಿಂದ ಕೊಂಡ ವಸ್ತು ಕಪಾಟು ಸೇರುವುದು ಬೇಗ. ಆದ್ದರಿಂದ ಮೊದಲು ಲೆಕ್ಕ, ಆಮೇಲೆ ತೀರ್ಮಾನ.

ಹಳೆಯ ಪಾಠ

ಇಂದಿನ ತಂದೆತಾಯಿಯರಿಗೂ ಇಂಥ ಆಸೆ ಹೊಸತಲ್ಲ. ತೊಂಬತ್ತರ ದಶಕದಲ್ಲಿ ಜಾತ್ರೆಯ ಅಂಗಡಿಗಳಲ್ಲಿ ‘9999 ಇನ್ 1’ ಎಂಬ ಹೆಸರು ಹೊತ್ತ ಬ್ರಿಕ್ ಗೇಮ್ ಸಿಗುತ್ತಿತ್ತು. ಒಳಗಿದ್ದುದು ಮೇಲಿನಿಂದ ಬೀಳುವ ಇಟ್ಟಿಗೆಗಳು ಮತ್ತು ಬೆರಳೆಣಿಕೆಯ ಆಟಗಳು; ಉಳಿದವೆಲ್ಲ ಅವುಗಳದೇ ವೇಗ ಬದಲಿಸಿದ ರೂಪಗಳು. ಪೆಟ್ಟಿಗೆಯ ಮೇಲಿನ ಸಂಖ್ಯೆಗೂ ಆಡುವ ಸಂತೋಷಕ್ಕೂ ಸಂಬಂಧವಿಲ್ಲವೆಂಬುದನ್ನು ಅಂದಿನ ಮಕ್ಕಳು ಒಂದೇ ವಾರದಲ್ಲಿ ಕಲಿತರು.

ದೊಡ್ಡ ಕಂಪನಿಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಜಪಾನಿನ ನಿಂಟೆಂಡೊ 1989ರಲ್ಲಿ ‘ಗೇಮ್ ಬಾಯ್’ ಹೊರತಂದಿತು. ಅದರ ಪರದೆಗೆ ಬಣ್ಣವಿರಲಿಲ್ಲ, ಹಿಂಬದಿಯ ಬೆಳಕೂ ಇರಲಿಲ್ಲ. ಮರುವರ್ಷ ಸೆಗಾ ಕಂಪನಿಯ ‘ಗೇಮ್ ಗೇರ್’ ಬಣ್ಣದ, ಬೆಳಗುವ ಪರದೆಯೊಡನೆ ಬಂತು. ಆದರೆ ಅದು ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗಿಹಾಕುತ್ತಿತ್ತು. ಗೇಮ್ ಬಾಯ್ ನಾಲ್ಕೇ ಸೆಲ್ಲುಗಳಲ್ಲಿ ಅದಕ್ಕಿಂತ ಬಹುಕಾಲ ನಡೆಯುತ್ತಿತ್ತು. ಕೊನೆಗೆ ಗೆದ್ದದ್ದು ಗೇಮ್ ಬಾಯ್. ಅದರ ಬಣ್ಣದ ಆವೃತ್ತಿಯೂ ಸೇರಿ 11 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಗುನ್ಪೆ ಯೊಕೊಯ್ ಅವರು ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನು ಹೊಸ ಬಗೆಯಲ್ಲಿ ಬಳಸಬೇಕೆಂಬ ನಿಲುವಿನವರು. ಕೊಳ್ಳುವವರಿಗೂ ಈ ನಿಲುವು ಉಪಯುಕ್ತವೇ.

ಹೊಸ ಯಂತ್ರ, ನಿಜವಾದ ಬೆಲೆ

ಸ್ವಿಚ್ 2 ಮಾರುಕಟ್ಟೆಗೆ ಬಂದದ್ದು 2025ರ ಜೂನ್ 5ರಂದು. ಮೊದಲ ನಾಲ್ಕು ದಿನಗಳಲ್ಲೇ ಜಗತ್ತಿನಾದ್ಯಂತ 35 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. 7.9 ಅಂಗುಲದ ಪರದೆ, 256 ಜಿಬಿ ಸಂಗ್ರಹ, 2017ರ ಮೊದಲ ಸ್ವಿಚ್‌ಗಿಂತ ಬಹಳ ಹೆಚ್ಚಿನ ವೇಗ, ಹಳೆಯ ಸ್ವಿಚ್‌ನ ಬಹುತೇಕ ಆಟಗಳನ್ನು ನಡೆಸುವ ಸಾಮರ್ಥ್ಯ, ಇವು ಅದರ ಗುಣಗಳು. ಇಕ್ಕೆಲದ ಹಿಡಿಗಳನ್ನು ಬಿಡಿಸಿಕೊಂಡು ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ಆಡಬಹುದಾದ ಆಟಗಳೂ ಇವೆ. ಬ್ಯಾಟರಿ ಮಾತ್ರ ದುರ್ಬಲ: ಕಂಪನಿಯೇ ಹೇಳುವಂತೆ ಆಟವನ್ನು ಅವಲಂಬಿಸಿ ಸುಮಾರು 2ರಿಂದ 6.5 ಗಂಟೆ.

ಅಮೆರಿಕದಲ್ಲಿ ಬಿಡುಗಡೆಯ ಬೆಲೆ 450 ಡಾಲರ್. ಡಾಲರಿಗೆ 85 ರೂಪಾಯಿಯಂತೆ ಹಿಡಿದರೂ 38 ಸಾವಿರ ರೂಪಾಯಿ ದಾಟುತ್ತದೆ. ಆದರೆ ಆಟವಿಲ್ಲದ ಕನ್ಸೋಲ್ ಎಣ್ಣೆಯಿಲ್ಲದ ದೀಪದಂತೆ. ‘ಮಾರಿಯೊ ಕಾರ್ಟ್ ವರ್ಲ್ಡ್’ ಒಂದಕ್ಕೇ 80 ಡಾಲರ್, ‘ಡಾಂಕಿ ಕಾಂಗ್ ಬನಾಂಜಾ’ಕ್ಕೆ 70 ಡಾಲರ್. ಗೆಳೆಯರೊಡನೆ ಅಂತರ್ಜಾಲದಲ್ಲಿ ಆಡಲು ವರ್ಷಕ್ಕೆ 20 ಡಾಲರಿನ ಸದಸ್ಯತ್ವ ಬೇರೆ. ಎಲ್ಲವೂ ಸೇರಿದರೆ ಒಟ್ಟು 620 ಡಾಲರ್, ಅಂದರೆ ಹೆಚ್ಚುಕಡಿಮೆ 52,700 ರೂಪಾಯಿ.

ಈ ಮೊತ್ತವನ್ನು ಆಡುವ ಗಂಟೆಗಳಿಂದ ಭಾಗಿಸಿ ನೋಡುವುದು ಒಳ್ಳೆಯ ಪರೀಕ್ಷೆ. ವಾರಕ್ಕೆ ಮೂರು ಗಂಟೆಯಂತೆ ಮೂರು ವರ್ಷ ಆಡಿದರೆ 468 ಗಂಟೆ. ಗಂಟೆಗೆ 113 ರೂಪಾಯಿಯಷ್ಟಾಯಿತು. ಎರಡು ತಿಂಗಳ ಬೇಸಗೆ ರಜೆಯಲ್ಲಿ 80 ಗಂಟೆ ಆಡಿ ಮೂಲೆಗಿಟ್ಟರೆ ಗಂಟೆಗೆ 650 ರೂಪಾಯಿಗೂ ಹೆಚ್ಚು. ಯಂತ್ರದ ಬೆಲೆ ಒಂದೇ. ಅದು ದುಬಾರಿಯೋ ಅಲ್ಲವೋ ಎಂಬುದನ್ನು ಮನೆಯ ಅಭ್ಯಾಸ ನಿರ್ಧರಿಸುತ್ತದೆ.

ಹೊರದೇಶದಿಂದ ತರಿಸುವಾಗ

ನಿಂಟೆಂಡೊ ಭಾರತದಲ್ಲಿ ಸ್ವಿಚ್ ಯಂತ್ರಗಳನ್ನು ಅಧಿಕೃತವಾಗಿ ಮಾರುವುದಿಲ್ಲ. ಇಲ್ಲಿ ದೊರೆಯುವುದೆಲ್ಲ ಯಾರೋ ಹೊರಗಿನಿಂದ ತಂದದ್ದು. ಕೆಟ್ಟರೆ ಕಂಪನಿಯ ಸೇವಾಕೇಂದ್ರ ಮಂಗಳೂರಿನಲ್ಲೂ ಇಲ್ಲ, ಕಣ್ಣೂರಿನಲ್ಲೂ ಇಲ್ಲ. ಮಾವನ ಕೈಯಲ್ಲಿ ಬಂದರೂ ಬಿಲ್ಲನ್ನು ಜೋಪಾನವಾಗಿಡಬೇಕು; ಕಸ್ಟಮ್ಸ್‌ನ ಈಗಿನ ಮಿತಿಯನ್ನು ಪ್ರಯಾಣಕ್ಕೆ ಮೊದಲೇ ತಿಳಿದುಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ ಬಹುಮುಖ್ಯ. ಜಪಾನಿನಲ್ಲಿ 2025ರಲ್ಲಿ 49,980 ಯೆನ್‌ಗೆ, ಅಂದರೆ ಅಮೆರಿಕದ ಬಿಡುಗಡೆಯ ಬೆಲೆಗಿಂತ ಬಹಳ ಅಗ್ಗವಾಗಿ, ಒಂದು ಆವೃತ್ತಿ ಬಿಡುಗಡೆಯಾಯಿತು. ಅದರ ಪರದೆಯ ಭಾಷೆ ಜಪಾನೀ ಮಾತ್ರ; ಜಪಾನಿನ ಖಾತೆಯೇ ಬೇಕು. ಅಗ್ಗವೆಂದು ಅದನ್ನು ತಂದರೆ ಮಗುವಿಗೆ ಮೆನುವನ್ನೂ ಓದಲಾಗದು.

ಆಟಗಳಲ್ಲಿಯೂ ಮೂರು ಬಗೆ. ಕಾರ್ಟ್ರಿಜ್‌ನೊಳಗೇ ಪೂರ್ತಿ ಆಟವಿರುವುದು ಒಂದು. ‘ಗೇಮ್-ಕೀ ಕಾರ್ಡ್’ ಎಂಬುದರಲ್ಲಿ ಬೀಗದ ಕೈ ಮಾತ್ರವಿರುತ್ತದೆ. ಆಟವನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಬೇಕು. ಕಾರ್ಡೇ ಇಲ್ಲದ, ನೇರವಾಗಿ ಇಳಿಸಿಕೊಳ್ಳುವ ಆಟ ಮೂರನೆಯದು. ದಿನಕ್ಕೆ 2 ಜಿಬಿಯ ಮೊಬೈಲ್ ಡೇಟಾವನ್ನೇ ನಂಬಿದ ಮನೆಯಲ್ಲಿ 40 ಜಿಬಿಯ ಆಟ ಇಳಿಯಲು 20 ದಿನ ಹಿಡಿಯುತ್ತದೆ. ಪೂರ್ತಿ ಆಟವಿರುವ ಕಾರ್ಟ್ರಿಜ್ ಅನ್ನು ಆಡಿ ಮುಗಿಸಿ ಗೆಳೆಯನಿಗೆ ಎರವಲು ಕೊಡಬಹುದು, ಮಾರಲೂಬಹುದು. ಹಳ್ಳಿಯ ಮನೆಗೆ ಅದೇ ಒಳ್ಳೆಯದು.

ಭಾಷೆಯ ಪ್ರಶ್ನೆ

ಸ್ವಿಚ್ 2ರ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿಲ್ಲ. ಭಾರತದ ಯಾವ ದೇಶಭಾಷೆಯೂ ಇಲ್ಲ. ಐದನೆಯ ತರಗತಿಯ ಕನ್ನಡ ಮಾಧ್ಯಮದ ಮಗುವಿಗೆ ಇದು ಸಣ್ಣ ಸಂಗತಿಯಲ್ಲ. ಮಾರಿಯೊ ಕಾರ್ಟ್‌ನಂಥ ಓಟದ ಆಟಕ್ಕೆ ಓದು ಬೇಕಾಗಿಲ್ಲ. ‘ಜೆಲ್ಡಾ’ ಸರಣಿಯ ಕಥಾಪ್ರಧಾನ ಆಟಗಳಲ್ಲಿ ಪುಟಗಟ್ಟಲೆ ಇಂಗ್ಲಿಷ್ ಸಂಭಾಷಣೆ ಬರುತ್ತದೆ. ಓದಲಾಗದ ಮಗು ಗುಂಡಿ ಒತ್ತುತ್ತ ಮುಂದೆ ಸಾಗುತ್ತದೆ, ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಬೇಸರಪಡುತ್ತದೆ. ತಪ್ಪು ಮಗುವಿನದಲ್ಲ, ಅದು ಕಲಿಯುವ ಮಾಧ್ಯಮದ್ದೂ ಅಲ್ಲ, ಆಟದ ಆಯ್ಕೆಯದು. ಅಕ್ಕನೋ ಅಣ್ಣನೋ ಪಕ್ಕದಲ್ಲಿ ಕುಳಿತು ಇಂಗ್ಲಿಷ್ ಓದಿ ಕನ್ನಡದಲ್ಲಿ ವಿವರಿಸಿದರೆ ಅದೇ ಆಟ ಎರಡು ಭಾಷೆಗಳ ಪಾಠವೂ ಆದೀತು. ಹಾಗೆ ಕೂರುವವರು ಮನೆಯಲ್ಲಿದ್ದಾರೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು.

ಕಾವಲಿನ ವ್ಯವಸ್ಥೆಯಂತೂ ಚೆನ್ನಾಗಿದೆ. ಹೆತ್ತವರು ತಮ್ಮ ಫೋನಿನ ಆ್ಯಪ್‌ನಲ್ಲಿ ದಿನದ ಆಟಕ್ಕೆ ಮಿತಿ ಹಾಕಬಹುದು, ಎಷ್ಟು ಹೊತ್ತು ಏನನ್ನು ಆಡಿದರೆಂದು ನೋಡಬಹುದು. 16 ವರ್ಷದೊಳಗಿನವರು ಇತರರೊಡನೆ ಮಾತನಾಡುವ ‘ಗೇಮ್‌ಚಾಟ್’ ಬಳಸಲು ಹೆತ್ತವರ ಒಪ್ಪಿಗೆ ಬೇಕು. ಜಾಹೀರಾತುಗಳ ನಡುವೆ ಆಡಿಸುವ ಮೊಬೈಲ್ ಆಟಗಳಿಗಿಂತ ಈ ವಿಷಯದಲ್ಲಿ ಕನ್ಸೋಲ್ ಮೇಲು.

ತೀರ್ಮಾನ

ಮನೆಯಲ್ಲಿ ಇಬ್ಬರು ಮೂವರು ಮಕ್ಕಳಿದ್ದು, ಟಿವಿಯಿದ್ದು, ಸಾಲವಿಲ್ಲದೆ 50 ಸಾವಿರ ಬದಿಗಿಡಬಹುದಾದರೆ ಸ್ವಿಚ್ 2 ಹಲವು ವರ್ಷ ಬಾಳುವ ಕೊಡುಗೆ. ಮುಂದಿನ ವರ್ಷದ ಶುಲ್ಕಕ್ಕೋ ಕಾಲೇಜು ಪ್ರವೇಶಕ್ಕೋ ಕೂಡಿಟ್ಟ ಹಣಕ್ಕೆ ಕೈಹಾಕಬೇಕಾದರೆ ಅದು ಬೇಡ. ನಡುವಿನ ದಾರಿಯೂ ಇದೆ. ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ ಸ್ವಿಚ್ ಮತ್ತು ಎರಡು ಬಳಸಿದ ಕಾರ್ಟ್ರಿಜ್‌ಗಳು ಮೊದಲ ಕನ್ಸೋಲಾಗಿ ಧಾರಾಳ ಸಾಕು. 2019ರಲ್ಲಿ 200 ಡಾಲರಿಗೆ ಬಂದ ಸ್ವಿಚ್ ಲೈಟ್ ಇನ್ನೂ ಅಗ್ಗ. ಆದರೆ ಅದನ್ನು ಟಿವಿಗೆ ಜೋಡಿಸಲಾಗದು, ಹಿಡಿಗಳನ್ನು ಬಿಡಿಸಿ ಹಂಚಿಕೊಳ್ಳಲೂ ಆಗದು. ಒಂದೇ ಮಗುವಿನ ಮನೆಗೆ ಅದು ಹೊಂದೀತು, ಅಣ್ಣ ತಂಗಿಯರಿರುವ ಮನೆಗೆ ಜಗಳ ತಂದೀತು.

ಮಾವನ ಮುಂದಿನ ಕರೆಗೆ ಮೊದಲು ಈ ಲೆಕ್ಕವನ್ನು ಮಗುವಿನ ಕೈಯಿಂದಲೇ ಬರೆಯಿಸಬಹುದು: ಯಂತ್ರಕ್ಕೆಷ್ಟು, ಆಟಕ್ಕೆಷ್ಟು, ವಾರಕ್ಕೆ ಎಷ್ಟು ಗಂಟೆ, ಯಾರೊಡನೆ. ಲೆಕ್ಕ ಬರೆದ ಮಗುವಿಗೆ ‘ಬೇಡ’ ಎಂಬ ಮಾತು ಕಾರಣವಿಲ್ಲದ ಬೈಗುಳದಂತೆ ಕೇಳಿಸದು. ‘ಬರಲಿ’ ಎಂದರೆ ಬಂದ ವಸ್ತುವಿನ ಬೆಲೆಯೂ ಅದಕ್ಕೆ ಗೊತ್ತಿರುತ್ತದೆ.