ಗೊಂಬೆ ನುಡಿದ ಸಾಕ್ಷಿ

1840ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಕವಿ ರಿಚರ್ಡ್ ಹೆನ್ರಿ ಹಾರ್ನ್‌ಗೆ ಸರ್ಕಾರಿ ಆಯೋಗವೊಂದರಲ್ಲಿ ಕೆಲಸ ಸಿಕ್ಕಿತು. ದುಡಿಯುವ ಮಕ್ಕಳನ್ನು ಮಾತಾಡಿಸಿ, ಅವರು ಹೇಳಿದ್ದನ್ನು ಬರೆದುಕೊಂಡು ಬರುವ ಕೆಲಸ. ವುಲ್ವರ್‌ಹ್ಯಾಂಪ್ಟನ್ ಸುತ್ತ ಬೀಗ, ಮೊಳೆ ಮಾಡುವ ಮಕ್ಕಳ ಕಷ್ಟಗಳೆಲ್ಲ ಆತನ ವರದಿಗೆ ಸೇರಿದವು. ಅದೇ ಹಾರ್ನ್ 1846ರಲ್ಲಿ ಮಕ್ಕಳಿಗಾಗಿ ‘ಮೆಮಾಯರ್ಸ್ ಆಫ್ ಎ ಲಂಡನ್ ಡಾಲ್’ ಬರೆದ. ಪುಸ್ತಕದ ಮೇಲೆ ಆತನ ಹೆಸರಿರಲಿಲ್ಲ. ‘ಮಿಸೆಸ್ ಫೇರ್‌ಸ್ಟಾರ್’ ಅದರ ಸಂಪಾದಕಿ ಎಂದು ಅಚ್ಚಾಗಿತ್ತು. ಕಥೆ ಹೇಳುವವಳು ಮರಿಯಾ ಪಾಪೆಟ್ ಎಂಬ ಮರದ ಗೊಂಬೆ.

ಮರಿಯಾ ಹುಟ್ಟುವುದೇ ಬಡವರ ಮನೆಯಲ್ಲಿ. ಲಂಡನ್ನಿನ ಹಾಲ್ಬರ್ನ್‌ನಲ್ಲಿ ಸ್ಪ್ರ್ಯಾಟ್ ಕುಟುಂಬ ಗೊಂಬೆ ಮಾಡಿಯೇ ಹೊಟ್ಟೆ ಹೊರೆಯುತ್ತದೆ. ಮಕ್ಕಳೂ ದುಡಿಮೆಗೆ ಕೈ ಜೋಡಿಸುತ್ತಾರೆ. ತಾನು ಯಾರ ಬೆವರಿನಿಂದ ಆದೆ ಎಂಬುದು ಗೊಂಬೆಗೆ ಗೊತ್ತು. ಮುಂದೆ ಅದು ಎಲೆನ್ ಎಂಬ ಹುಡುಗಿಯ ಕೈ ಸೇರುತ್ತದೆ. ಎಲೆನ್ ಹೊಲಿಗೆ ಕಲಿಯಲು ಅತ್ತೆಯ ಮನೆಗೆ ಹೋದಾಗ ಗೊಂಬೆಯೂ ಜೊತೆಗಿರುತ್ತದೆ. ಅಲ್ಲಿ ಪುಟ್ಟ ಹುಡುಗಿಯರು ಕೂತು ಹೊಲಿಯುತ್ತಲೇ ಇರಬೇಕು. ನನ್ನ ಮಟ್ಟಿಗೆ ಇಡೀ ಪುಸ್ತಕದ ಜೀವ ಇರುವುದು ಈ ಭಾಗದಲ್ಲಿ. ದೊಡ್ಡವರು ಹೇಳಿದ್ದರೆ ಇದು ಉಪದೇಶವಾಗುತ್ತಿತ್ತು. ಗೊಂಬೆಗೆ ಎದ್ದು ಹೋಗಲಾಗದು, ಯಾರನ್ನೂ ತಡೆಯಲಾಗದು. ಕಂಡದ್ದನ್ನು ಕಂಡ ಹಾಗೆ ಹೇಳುವುದಷ್ಟೇ ಅದರ ಪಾಲು. ಕೂರಿಸಿದಲ್ಲಿ ಕೂತು, ಕಳಿಸಿದಲ್ಲಿಗೆ ಹೋಗುವ ಮಗುವಿಗೆ ಈ ಸ್ಥಿತಿ ವಿವರಿಸಬೇಕಾಗಿಲ್ಲ. ಬಡ ಹುಡುಗಿಯ ಕೈಯಿಂದ ಸಿರಿವಂತರ ಮನೆಯ ಲೇಡಿ ಫ್ಲೋರಾಳ ಕೈಗೆ ಗೊಂಬೆ ದಾಟಿದಾಗ ಎರಡು ಲಂಡನ್‌ಗಳು ಒಂದೇ ಕಥೆಯಲ್ಲಿ ಅಕ್ಕಪಕ್ಕ ಬಂದುಬಿಡುತ್ತವೆ.

ಗೊಂಬೆಯೇ ಹೇಳುವ ಇಂಥ ಕಥೆಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ರೇಚಲ್ ಫೀಲ್ಡ್ 1929ರಲ್ಲಿ ಬರೆದ ‘ಹಿಟ್ಟಿ’. ಮರುವರ್ಷ ಅದಕ್ಕೆ ಮಕ್ಕಳ ಸಾಹಿತ್ಯದ ನ್ಯೂಬೆರಿ ಪದಕ ಬಂತು. ಆ ಪದಕ ಪಡೆದ ಮೊದಲ ಮಹಿಳೆ ಫೀಲ್ಡ್. ತಿಮಿಂಗಿಲ ಬೇಟೆಯ ಹಡಗು ಹತ್ತಿದ ಹಿಟ್ಟಿ ನಮ್ಮ ಮುಂಬೈಯಲ್ಲಿ ಕಳೆದುಹೋಗಿ ಹಾವಾಡಿಗನೊಬ್ಬನ ಕೈ ಸೇರುತ್ತಾಳೆ. ಫೀಲ್ಡ್ ಮತ್ತು ಚಿತ್ರ ಬರೆದ ಡೊರೊಥಿ ಲ್ಯಾಥ್ರಪ್ ನ್ಯೂಯಾರ್ಕಿನ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಕಂಡು ಕೊಂಡ ನಿಜವಾದ ಗೊಂಬೆಯೇ ಈ ಕಥೆಗೆ ಮೂಲ. ಅದೀಗ ಮ್ಯಾಸಚೂಸೆಟ್ಸ್‌ನ ಸ್ಟಾಕ್‌ಬ್ರಿಜ್ ಗ್ರಂಥಾಲಯದಲ್ಲಿದೆ. ಪುಸ್ತಕ ಸೊಗಸಾಗಿದೆ. ಆದರೂ ಊರೂರು ಸುತ್ತುವ ಹಿಟ್ಟಿಗಿಂತ ಹೊಲಿಗೆಯ ಕೋಣೆಯಲ್ಲಿ ಕೂತ ಮರಿಯಾಳೇ ನನಗೆ ಹತ್ತಿರ.

ಗೊಂಬೆ ಕಥೆ ಹೇಳುವುದು ನಮಗೇನೂ ಹೊಸದಲ್ಲ. ವಿಕ್ರಮನ ಸಿಂಹಾಸನದ ಮೂವತ್ತೆರಡು ಗೊಂಬೆಗಳು ಭೋಜರಾಜನನ್ನು ಮೆಟ್ಟಿಲಲ್ಲೇ ತಡೆದು ಒಂದೊಂದು ಕಥೆ ಹೇಳುತ್ತವೆ. ಆದರೆ ಅವು ಹೇಳುವುದು ರಾಜನ ಔದಾರ್ಯವನ್ನು, ಅಳೆಯುವುದೂ ರಾಜನನ್ನೇ. ಮರಿಯಾಳ ಮುಂದೆ ಸಿಂಹಾಸನವಿಲ್ಲ, ಸೂಜಿ ಹಿಡಿದ ಹುಡುಗಿಯರಿದ್ದಾರೆ.

ಹಾರ್ನ್ ತೀರಿಕೊಂಡದ್ದು 1884ರಲ್ಲಿ. ಹಕ್ಕುಸ್ವಾಮ್ಯ ಎಂದೋ ಮುಗಿದಿರುವುದರಿಂದ ಆತನ ಪುಸ್ತಕವನ್ನು ಕನ್ನಡಕ್ಕೆ ತರಲು ಯಾರ ಅನುಮತಿಯೂ ಬೇಕಿಲ್ಲ. ತರುವವರು ಮಕ್ಕಳಿಗೆ ಭಾರವಾದೀತೆಂದು ಎಲೆನ್‌ಳ ಹೊಲಿಗೆಯ ಭಾಗವನ್ನು ಮಾತ್ರ ಮೊಟಕು ಮಾಡದಿರಲಿ.