ಕಿಟಕಿಗೆ ತಕ್ಕ ಪುಟ

ಚೆನ್ನೈನ ಅಣ್ಣಾ ಸಾಲೈಯ ‘ದಿ ಹಿಂದೂ’ ಪತ್ರಿಕೆ 1995ರಲ್ಲೇ ಇಂಟರ್ನೆಟ್‌ಗೆ ಕಾಲಿಟ್ಟಿತ್ತು. ಆಗ ವೆಬ್ ಪುಟ ಓದಲು ಕಂಪ್ಯೂಟರ್ ಪರದೆಯೇ ಬೇಕಿತ್ತು. ಇಂದು ಅದೇ ಸುದ್ದಿಯನ್ನು ಒಬ್ಬರು ಮೆಟ್ರೋದಲ್ಲಿ ನಿಂತು ಮೊಬೈಲಿನಲ್ಲಿ, ಇನ್ನೊಬ್ಬರು ಕಚೇರಿಯ ದೊಡ್ಡ ಮಾನಿಟರಿನಲ್ಲಿ ಓದುತ್ತಾರೆ.

ಎರಡಕ್ಕೂ ಒಂದೇ ಪುಟ ಹೊಂದುವುದು ಹೇಗೆ?

ದಾರಿ ತೋರಿದವರು ಅಮೆರಿಕದ ವಿನ್ಯಾಸಕಾರ ಈಥನ್ ಮಾರ್ಕಾಟ್. 2010ರ ಮೇ ತಿಂಗಳ ಲೇಖನದಲ್ಲಿ ಅವರು ಇದನ್ನು ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಎಂದು ಕರೆದರು. ಅಂಕಣದ ಅಗಲವನ್ನು 600 ಪಿಕ್ಸೆಲ್‌ಗೆ ಕಟ್ಟಿಹಾಕದೆ ಶೇ 50 ಎಂದು ಬರೆದರೆ, ಬ್ರೌಸರ್ ಕಿಟಕಿ ಕುಗ್ಗಿದಂತೆ ಅಂಕಣವೂ ಕುಗ್ಗುತ್ತದೆ. ಚಿತ್ರದ ಗರಿಷ್ಠ ಅಗಲ ಶೇ 100 ಎಂದರೆ ಅದು ಚೌಕಟ್ಟು ದಾಟದು. ಪುಟದ ವಿನ್ಯಾಸ ಬರೆಯುವ ಸಿಎಸ್‌ಎಸ್ ಭಾಷೆಯ ‘ಮೀಡಿಯಾ ಕ್ವೆರಿ’ ಎಂಬ ನಿಯಮದಿಂದ, ಕಿಟಕಿ ಕಿರಿದಾದಾಗ ಅಕ್ಕಪಕ್ಕದ ಅಂಕಣಗಳನ್ನು ಒಂದರ ಕೆಳಗೊಂದು ಕೂರಿಸಬಹುದು.

ಕನ್ನಡಕ್ಕೆ ಇನ್ನೊಂದು ಎಚ್ಚರ ಬೇಕು. ಸಂಧಿ, ಸಮಾಸಗಳಿಂದ ಉದ್ದವಾದ ಪದಗಳು ಕಿರಿದಾದ ಅಂಕಣದಿಂದ ಹೊರಚಾಚುತ್ತವೆ. ಪದ ಒಡೆಯಲು ಅವಕಾಶ ಕೊಡುವ ಒಂದೇ ಸಾಲಿನ ನಿಯಮ ಅದನ್ನು ತಡೆಯುತ್ತದೆ.